ವಿಭಕ್ತಿ ಬಾಯಿಗೆ ಬಂದಿದೆ, ಕಥೆ ಕೈಗೆ ಬಂದಿಲ್ಲ

ಪ್ರಶ್ನೆ: ನಾನು ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಮ್ಮ ಕನ್ನಡ ಸಂಘ ನಡೆಸುವ ಭಾನುವಾರದ ತರಗತಿಯಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ವಾರಕ್ಕೆ ಎರಡು ಗಂಟೆಯ ಪಾಠ. ನಾನು ತರಬೇತಿ ಪಡೆದ ಶಿಕ್ಷಕಿಯಲ್ಲ, ಬ್ಯಾಂಕ್ ಉದ್ಯೋಗಿ. ಮಕ್ಕಳೆಲ್ಲ ಇಂಗ್ಲಿಷ್ ಮಾಧ್ಯಮದವರು. ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಮಾತು ತುಳು, ಉಳಿದವರದು ವಿಜಯಪುರ, ಕಲಬುರಗಿ ಕಡೆಯ ಕನ್ನಡ. ಜೂನ್‌ನಿಂದ ವಿಭಕ್ತಿ, ಸಂಧಿ, ಕಾಲಗಳನ್ನು ಕಲಿಸಿದ್ದೇನೆ. ಏಳು ವಿಭಕ್ತಿಗಳನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಆದರೆ ಒಂದು ಸಣ್ಣ ಕಥೆ ಬರೆಯಿರಿ ಎಂದರೆ ಏಳನೇ ತರಗತಿಯ ಹುಡುಗಿ ಬರೆದುಕೊಟ್ಟದ್ದು ಇದು:

"ನಾನು ಮತ್ತು ಅಮ್ಮ ಸ್ಟೇಷನ್‌ಗೆ ಹೋದೆವು ಮತ್ತು ಗಾಡಿ ಬಂದಳು ಮತ್ತು ತುಂಬಾ ಗರ್ದಿ ಇತ್ತು ಮತ್ತು ನನ್ನ ಛತ್ರಿ ಬಿದ್ದಿತು. ಒಬ್ಬರು ಅಂಕಲ್ ಯಾರು ಬಾಗಿಲಲ್ಲಿ ನಿಂತಿದ್ದರು ಅವರು ಛತ್ರಿ ಕೊಟ್ಟರು. ನನಗೆ ತುಂಬಾ ಸಂತೋಷವಾಯಿತು. ನಾವು ಎಲ್ಲರಿಗೂ ಸಹಾಯ ಮಾಡಬೇಕು."

ವ್ಯಾಕರಣ ಇನ್ನೂ ಗಟ್ಟಿಯಾಗಬೇಕೇ? ಅಥವಾ ಅದನ್ನು ಬಿಟ್ಟು ಬರೀ ಕಥೆ ಬರೆಸಲೇ? ಮರಾಠಿ, ಹಿಂದಿ ಬೆರೆಯುವುದನ್ನು ತಡೆಯುವುದು ಹೇಗೆ? ಕೆಲವರು ಮೊಬೈಲ್‌ನಿಂದಲೇ ಕಥೆ ಬರೆಸಿಕೊಂಡು ಬರುತ್ತಿದ್ದಾರೆ. ಡಿಸೆಂಬರ್‌ನಲ್ಲಿ ಸಂಘದ ಕಥಾ ಸ್ಪರ್ಧೆಯಿದೆ. ಪಾಲಕರು ಕೇಳುವುದು ಒಂದೇ: "ವ್ಯಾಕರಣ ಎಲ್ಲಿಗೆ ಬಂತು?"

ಉತ್ತರ: ಇಷ್ಟು ತಿಂಗಳು ಕಲಿಸಿದರೂ ನಾಲ್ಕು ಸಾಲು ನೆಟ್ಟಗೆ ಬರುವುದಿಲ್ಲವೆಂದರೆ ಕೊರತೆ ನನ್ನ ಪಾಠದಲ್ಲಿದೆಯೇ, ಮಕ್ಕಳಲ್ಲಿದೆಯೇ ಎಂಬ ಅಳುಕು ನಿಮ್ಮ ಪತ್ರದ ತುಂಬ ಇದೆ. ಮುಂಬಯಿಯ ಕನ್ನಡ ಶಾಲೆಗಳಲ್ಲೂ ರಾತ್ರಿ ಶಾಲೆಯಲ್ಲೂ ಪಾಠ ಮಾಡಿದ ನನಗೆ ಈ ಅಳುಕು ಚೆನ್ನಾಗಿ ಗೊತ್ತು. ಮಕ್ಕಳಲ್ಲಿ ಕೊರತೆಯಿಲ್ಲ, ನಿಮ್ಮ ಶ್ರಮದಲ್ಲಂತೂ ಇಲ್ಲವೇ ಇಲ್ಲ. ಪಟ್ಟಿ ಒಪ್ಪಿಸುವುದು ಒಂದು ವಿದ್ಯೆ, ನಡೆದದ್ದನ್ನು ಬಾಯಿಬಿಟ್ಟು ಹೇಳುವುದು ಇನ್ನೊಂದು, ಹೇಳಿದ್ದನ್ನು ಕಾಗದಕ್ಕೆ ಇಳಿಸುವುದು ಮತ್ತೊಂದು. ನೀವು ಮೊದಲನೆಯದನ್ನು ಕಲಿಸಿ ಕೊನೆಯದನ್ನು ಕೇಳಿದ್ದೀರಿ. ನಡುವಿನ ಮೆಟ್ಟಿಲು ಬಿಟ್ಟುಹೋಗಿದೆ, ಅಷ್ಟೇ.

ಆ ಹುಡುಗಿಯ ಬರಹ ನನಗೆ ಇಷ್ಟವಾಯಿತು. ಅದರಲ್ಲಿ ನಿಜವಾಗಿ ನಡೆದ ಒಂದು ಸಂಗತಿಯಿದೆ. "ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ" ಎಂದು ಎಲ್ಲಿಂದಲೋ ತಂದ ಕಥೆಯಲ್ಲ ಅದು. ನೀವು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದರೆ ಬಹುಶಃ ಏಳೆಂಟು ಗುರುತುಗಳಾಗುತ್ತಿದ್ದವು. ಆದರೆ ಒಳಗೆ ನೋಡಿದರೆ ತಪ್ಪುಗಳ ಬಗೆ ಮೂರೇ, ಮೂರಕ್ಕೂ ಬೇರೆ ಬೇರೆ ಕಾರಣ.

"ಗಾಡಿ ಬಂದಳು" ಎಂಬುದು ಮರಾಠಿಯ ಲಿಂಗ. ಮರಾಠಿಯಲ್ಲಿ ಗಾಡಿ ಸ್ತ್ರೀಲಿಂಗ, ಹಿಂದಿಯಲ್ಲೂ ಹಾಗೆಯೇ. ಅಲ್ಲಿ "ಗಾಡಿ ಆಲಿ" ಎಂದು ದಿನಕ್ಕೆ ಹತ್ತು ಸಲ ಕೇಳುವ ಮಗು ಕನ್ನಡದಲ್ಲೂ ಅದನ್ನೇ ತಂದಿದೆ. ಇದೇ ಮಕ್ಕಳು "ನಾಯಿ ಬಂದ" ಎಂದೂ ಬರೆಯುತ್ತಾರೆ, ಮರಾಠಿಯ ಕುತ್ರಾ ಪುಲ್ಲಿಂಗವಾದ್ದರಿಂದ. ಕನ್ನಡದ ನಿಯಮ ಇದಕ್ಕಿಂತ ಎಷ್ಟೋ ಸುಲಭ. ದೇವರು, ಸೂರ್ಯ, ಚಂದ್ರರಂಥ ಕೆಲವನ್ನು ಬಿಟ್ಟರೆ ಮನುಷ್ಯರಲ್ಲದ್ದೆಲ್ಲ ನಪುಂಸಕಲಿಂಗ. ಗಾಡಿ ಬಂದಿತು, ನಾಯಿ ಬಂದಿತು. ಈ ಒಂದು ಮಾತನ್ನು ಮರಾಠಿಯ ಪಕ್ಕಕ್ಕೆ ಇಟ್ಟು ಹೇಳಿಕೊಡಿ, ಎರಡು ಮೂರು ವಾರಗಳಲ್ಲಿ ಈ ತಪ್ಪು ತಾನಾಗಿ ಕಡಿಮೆಯಾಗುತ್ತದೆ.

"ಒಬ್ಬರು ಅಂಕಲ್ ಯಾರು ಬಾಗಿಲಲ್ಲಿ ನಿಂತಿದ್ದರು ಅವರು" ಎಂಬುದು ಶಾಲೆಯ ಇಂಗ್ಲಿಷ್ ಮತ್ತು ಹಿಂದಿಯ ಅಚ್ಚು. ಕನ್ನಡ ಇಲ್ಲಿ ಕೃದಂತವನ್ನು, ಅಂದರೆ ಕ್ರಿಯಾಪದದಿಂದ ಹುಟ್ಟಿ ನಾಮಪದವನ್ನು ಬಣ್ಣಿಸುವ ರೂಪವನ್ನು ಬಳಸುತ್ತದೆ: ಬಾಗಿಲಲ್ಲಿ ನಿಂತಿದ್ದ ಅಂಕಲ್. ಸಂತೋಷದ ಸಂಗತಿ ಏನೆಂದರೆ ಮರಾಠಿಯೂ ಇದನ್ನೇ ಮಾಡಬಲ್ಲದು. "ದಾರಾತ ಉಭಾ ಅಸಲೇಲಾ ಮಾಣೂಸ" ಎಂದು ಆ ಹುಡುಗಿ ಮರಾಠಿ ತಾಸಿನಲ್ಲಿ ಸಲೀಸಾಗಿ ಹೇಳುತ್ತಾಳೆ. ಒಮ್ಮೆ ಅವಳ ಬಾಯಿಂದ ಮರಾಠಿಯಲ್ಲಿ ಹೇಳಿಸಿ, ಆಮೇಲೆ "ಇದನ್ನೇ ಕನ್ನಡದಲ್ಲಿ ಹೇಳು" ಎನ್ನಿ. ವಾಕ್ಯದ ಕಟ್ಟು ತಾನಾಗಿ ಸರಿಹೋಗುತ್ತದೆ.

ಮೂರನೆಯದು ಆ ಸಾಲುಸಾಲು "ಮತ್ತು". ನನ್ನ ಅನುಭವದಲ್ಲಿ ಈ ವಯಸ್ಸಿನ ಮಕ್ಕಳ ಕನ್ನಡ ಬರವಣಿಗೆ ಸೊರಗುವುದು ಮುಖ್ಯವಾಗಿ ಇಲ್ಲಿ. ನಿಮ್ಮ ವ್ಯಾಕರಣ ಪಾಠ ಇನ್ನು ಶುರುವಾಗಬೇಕಾದದ್ದೂ ಇಲ್ಲಿಂದಲೇ.

ಕನ್ನಡವು ನಾಮಪದಗಳನ್ನು ಜೋಡಿಸುವುದು "ಊ"ಕಾರದಿಂದ: ನಾನೂ ಅಮ್ಮನೂ. ಒಂದು ಕ್ರಿಯೆಯನ್ನು ಇನ್ನೊಂದಕ್ಕೆ ಜೋಡಿಸುವುದು ಹೋಗಿ, ಹೋಗುತ್ತ, ಹೋದಾಗ, ಹೋದರೆ, ಹೋದರೂ, ಹೋಗುವಷ್ಟರಲ್ಲಿ ಎಂಬಂಥ ರೂಪಗಳಿಂದ. ಪಠ್ಯಪುಸ್ತಕದಲ್ಲಿ ಇಂಥವು ಕೃದಂತಾವ್ಯಯವೆಂಬ ಹೆಸರಿನಲ್ಲಿ ಒಂದು ಮೂಲೆಯಲ್ಲಿ ಕುಳಿತಿರುತ್ತವೆ. ಮಕ್ಕಳು ವ್ಯಾಖ್ಯೆ ಕಲಿತು ಮುಂದೆ ಹೋಗುತ್ತಾರೆ. ಆದರೆ ಕಥೆ ಹೇಳುವವನಿಗೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಆಸ್ತಿಯಿಲ್ಲ.

ಆ ಹುಡುಗಿಯ ಮೊದಲ ಸಾಲನ್ನೇ ಕಪ್ಪುಹಲಗೆಯ ಮೇಲೆ ಬರೆದು ನೋಡಿ. ಸ್ಟೇಷನ್ನಿಗೆ ಹೋದೆವು, ಗಾಡಿ ಬಂದಿತು. ಈ ಎರಡರ ನಡುವೆ ಏನಿದೆ? "ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ಗಾಡಿ ಬಂದುಬಿಟ್ಟಿತ್ತು" ಎಂದರೆ ಮೆಟ್ಟಿಲು ಹತ್ತಿ ಓಡಿದ್ದಾರೆ. "ಸ್ಟೇಷನ್ನಿಗೆ ಹೋಗುತ್ತಲೇ ಗಾಡಿ ಬಂದಿತು" ಎಂದರೆ ಅದೃಷ್ಟ. "ಸ್ಟೇಷನ್ನಿಗೆ ಹೋಗಿ ಎಷ್ಟು ಹೊತ್ತಾದರೂ ಗಾಡಿ ಬರಲಿಲ್ಲ" ಎಂದರೆ ಮಳೆಗಾಲ, ಹಳಿಯ ಮೇಲೆ ನೀರು, ಕಿಕ್ಕಿರಿದ ಪ್ಲಾಟ್‌ಫಾರ್ಮ್, ಅಮ್ಮನ ಸಿಡಿಮಿಡಿ. ಎರಡು ಕ್ರಿಯೆಗಳು ಅವೇ, ನಡುವಿನ ರೂಪ ಬದಲಾದರೆ ಕಥೆಯೇ ಬೇರೆ. ಇವುಗಳಲ್ಲಿ ಯಾವುದು ನಡೆಯಿತೆಂಬುದು ಆ ಹುಡುಗಿಗೆ ಮಾತ್ರ ಗೊತ್ತು. ಅವಳನ್ನೇ ಕೇಳಿ. ಅವಳು ಯೋಚಿಸಿ ಒಂದನ್ನು ಆರಿಸಿದ ಗಳಿಗೆಯಲ್ಲಿ ವ್ಯಾಕರಣ ಅವಳದಾಗುತ್ತದೆ.

"ಗರ್ದಿ ಇತ್ತು ಮತ್ತು ಛತ್ರಿ ಬಿದ್ದಿತು" ಎಂಬುದನ್ನೂ (ಗರ್ದಿ ಎಂದರೆ ಜನಜಂಗುಳಿ) ಹೀಗೆಯೇ ಬಿಡಿಸಬಹುದು. ಗರ್ದಿಯಲ್ಲಿ ಬಿದ್ದಿತೋ, ಗರ್ದಿಯಿಂದಾಗಿ ಬಿದ್ದಿತೋ, ಗರ್ದಿಗೆ ಹೆದರಿ ಕೈ ಸಡಿಲವಾಯಿತೋ? ನೋಡಿ, ಸಪ್ತಮಿ, ತೃತೀಯೆ, ಚತುರ್ಥಿ ಮೂರೂ ಪಟ್ಟಿ ಬಿಟ್ಟು ಕೆಲಸಕ್ಕೆ ಇಳಿದವು. ಅಂದಹಾಗೆ, "ಗರ್ದಿ" ಪದದ ಕೆಳಗೆ ನೀವು ಗೆರೆ ಎಳೆದಿದ್ದರೆ ದಯವಿಟ್ಟು ಅಳಿಸಿಬಿಡಿ. ವಿಜಯಪುರ, ಧಾರವಾಡದ ಕಡೆ ಅದು ದಿನಬಳಕೆಯ ಕನ್ನಡವೇ.

ಇನ್ನು ಕಥೆಯ ವಿಷಯ. ಲೋಕಲ್ ಗಾಡಿ ಒಂದು ಸ್ಟೇಷನ್ನಿನಲ್ಲಿ ನಿಲ್ಲುವುದು ಅರ್ಧ ನಿಮಿಷದಷ್ಟು. ಅಷ್ಟರಲ್ಲಿ ಛತ್ರಿ ಬಿದ್ದಿದೆ, ಬಾಗಿಲಲ್ಲಿದ್ದವರು ನೋಡಿದ್ದಾರೆ, ಎತ್ತಿಕೊಟ್ಟಿದ್ದಾರೆ. ಎಲ್ಲಿ ಬಿದ್ದಿತು, ಪ್ಲಾಟ್‌ಫಾರ್ಮಿನ ಮೇಲೋ ಬೋಗಿಯ ಒಳಗೋ? ಅವರು ಕೆಳಗಿಳಿದರೋ, ಬಗ್ಗಿದರೋ? ಅಷ್ಟರಲ್ಲಿ ಗಾಡಿ ಹೊರಟಿತೋ? ಅಮ್ಮ ಏನು ಕೂಗಿದರು? ಕಥೆಯಿರುವುದು ಆ ಅರ್ಧ ನಿಮಿಷದಲ್ಲಿ. ಹುಡುಗಿ ಅದಕ್ಕೆ ಕೊಟ್ಟದ್ದು ಒಂದೇ ವಾಕ್ಯ, ನೀತಿಗೂ ಒಂದು ವಾಕ್ಯ. ಇದು ಅವಳ ತಪ್ಪಲ್ಲ. ಶಾಲೆಯಲ್ಲಿ ನಾವು ಓದಿಸುವ ಕಥೆಗಳೆಲ್ಲ ನೀತಿಯಲ್ಲಿ ಮುಗಿಯುತ್ತವೆ, ಪ್ರಬಂಧಗಳೆಲ್ಲ "ಬೇಕು" ಎಂದು ಮುಗಿಯುತ್ತವೆ. ಕಥೆಯೆಂದರೆ ಕೊನೆಗೆ ನೀತಿ ಹೇಳಲೇಬೇಕು ಎಂದು ಮಗು ನಂಬಿದೆ. "ಈ ಸಲ ನೀತಿ ಬೇಡ, ಸಂತೋಷವಾಯಿತು ಎಂದೂ ಬರೆಯಬೇಡ. ಆ ಅರ್ಧ ನಿಮಿಷದ ಬಗ್ಗೆ ಮಾತ್ರ ಐದು ವಾಕ್ಯ ಬರೆ" ಎಂದು ಹೇಳಿ. ಅವಳ ಬರಹ ಎಷ್ಟು ಬದಲಾಗುತ್ತದೆ ನೋಡಿ.

ಆದರೆ ಬರೆಯುವ ಮುಂಚೆ ಅವಳು ಹೇಳಬೇಕು. ನಾನು ಹೇಳಿದ ನಡುವಿನ ಮೆಟ್ಟಿಲು ಇದೇ.

ಒಂದು ಕಾಲದಲ್ಲಿ ಮುಂಬಯಿಯ ಕನ್ನಡ ಸಂಘಸಂಸ್ಥೆಗಳು ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸುತ್ತಿದ್ದವು. ಅಂಥದೊಂದು ಶಾಲೆಯಲ್ಲಿ ನನ್ನ ಮುಂದೆ ಕೂರುತ್ತಿದ್ದ ಹುಡುಗರು ಆ ದಿನ ಗಲ್ಲಾದ ಎದುರು ನಡೆದ ಜಗಳವನ್ನು ಹೇಳತೊಡಗಿದರೆ ಗಿರಾಕಿಯ ಧ್ವನಿ ಬೇರೆ, ಮಾಲೀಕರ ಧ್ವನಿ ಬೇರೆ, ನಡುವೆ ಸಿಕ್ಕಿಬಿದ್ದ ಮಾಣಿಯ ಸಂಕಟ ಬೇರೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಓಡಿಸಬೇಕು ಎಂಬುದು ಅವರಿಗೆ ಯಾರೂ ಕಲಿಸದೆ ಗೊತ್ತಿತ್ತು. ಅದೇ ಹುಡುಗರ ಕೈಗೆ ಪೆನ್ನು ಕೊಟ್ಟರೆ "ಹೋಟೆಲು ಒಂದು ಒಳ್ಳೆಯ ಸ್ಥಳ. ಅಲ್ಲಿ ಅನೇಕ ಜನರು ಬರುತ್ತಾರೆ" ಎಂದು ಬರೆಯುತ್ತಿದ್ದರು. ಬಾಯಲ್ಲಿದ್ದ ಕಥೆ ಕಾಗದಕ್ಕೆ ಬರುವ ದಾರಿಯಲ್ಲಿ ಹೆದರಿ ಸಾಯುತ್ತಿತ್ತು. ಒಬ್ಬ ಹೇಳುವುದು, ಇನ್ನೊಬ್ಬ ಅದನ್ನು ಹೇಳಿದಂತೆಯೇ ಗೀಚಿಕೊಳ್ಳುವುದು, ಆಮೇಲೆ ಇಬ್ಬರೂ ಕೂತು ಪುಸ್ತಕದ ಕನ್ನಡಕ್ಕೆ ತಿದ್ದುವುದು ಎಂಬ ಕ್ರಮಕ್ಕೆ ಬಂದ ಮೇಲೆಯೇ ಅವರ ಬರವಣಿಗೆಗೆ ಜೀವ ಬಂದದ್ದು. ನಿಮ್ಮ ಮಕ್ಕಳಿಗೂ ಇದನ್ನೇ ಮಾಡಿಸಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. "ಮೊದಲು ವ್ಯಾಕರಣ ಗಟ್ಟಿಯಾಗಲಿ, ಬರವಣಿಗೆ ಆಮೇಲೆ" ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ, ಪಾಲಕರಲ್ಲಂತೂ ಇನ್ನೂ ಆಳ. ಅದಕ್ಕೆ ಆಧಾರ ಕಡಿಮೆ. 2007ರಲ್ಲಿ ಅಮೆರಿಕದ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ಎಂಬ ವಿದ್ವಾಂಸರು ನಾಲ್ಕರಿಂದ ಹನ್ನೆರಡನೇ ತರಗತಿಯವರೆಗಿನ ಮಕ್ಕಳ ಬರವಣಿಗೆಯ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದರು. ವ್ಯಾಕರಣವನ್ನು ಬರವಣಿಗೆಯಿಂದ ಬೇರ್ಪಡಿಸಿ ಪಾಠವಾಗಿ ಕಲಿಸಿದಲ್ಲಿ ಬರವಣಿಗೆ ಸುಧಾರಿಸಿರಲಿಲ್ಲ. ಚಿಕ್ಕ ಚಿಕ್ಕ ವಾಕ್ಯಗಳನ್ನು ಜೋಡಿಸಿ ದೊಡ್ಡ ವಾಕ್ಯ ಕಟ್ಟುವ ಅಭ್ಯಾಸ ಮಾಡಿಸಿದಲ್ಲಿ ಸುಧಾರಿಸಿತ್ತು. ಬರೆಯುವ ಮುಂಚೆ ಯೋಚಿಸುವುದನ್ನೂ ಬರೆದ ಮೇಲೆ ತಿದ್ದುವುದನ್ನೂ ಹೇಳಿಕೊಟ್ಟಲ್ಲಿ ಇನ್ನೂ ಹೆಚ್ಚಾಗಿ ಸುಧಾರಿಸಿತ್ತು. ಆ ಪ್ರಯೋಗಗಳು ಬಹುಪಾಲು ಇಂಗ್ಲಿಷಿನವು, ಕನ್ನಡಕ್ಕೆ ಪೂರ್ತಿ ಒಪ್ಪಿಸಲು ನಾನು ಸಿದ್ಧನಿಲ್ಲ. ಕನ್ನಡದಲ್ಲಿ ಪ್ರತ್ಯಯ ತಪ್ಪಿದರೆ ಅರ್ಥವೇ ತಪ್ಪುತ್ತದೆ. ಆದರೆ ವಾಕ್ಯ ಜೋಡಣೆಯ ಮಾತು ನಮಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ ಎಂಬುದನ್ನು ಮೇಲಿನ "ಮತ್ತು"ಗಳೇ ತೋರಿಸುತ್ತವೆ. ನಮ್ಮ ಪರಂಪರೆಯೂ ಇದಕ್ಕೆ ವಿರುದ್ಧವಾಗಿಲ್ಲ. ಹದಿಮೂರನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣಕ್ಕೆ ಉದಾಹರಣೆಗಳನ್ನು ಆರಿಸಿಕೊಂಡದ್ದು ತನಗಿಂತ ಹಿಂದಿನ ಕವಿಗಳ ಕಾವ್ಯಗಳಿಂದ. ಮೊದಲು ಬಳಕೆ, ಆಮೇಲೆ ಸೂತ್ರ.

ಹಾಗಾದರೆ ವ್ಯಾಕರಣ ಬಿಟ್ಟುಬಿಡಬಹುದೇ? ಬೇಡ. ಮೈಸೂರಿನಲ್ಲೋ ಧಾರವಾಡದಲ್ಲೋ ಬೆಳೆಯುವ ಮಗು ತಪ್ಪಿ ಮಾತನಾಡಿದರೆ ಅಂಗಡಿಯವನು, ಬಸ್ಸಿನ ಕಂಡಕ್ಟರ್, ಓರಗೆಯ ಮಕ್ಕಳು ತಮಗೆ ತಿಳಿಯದಂತೆಯೇ ಅದನ್ನು ತಿದ್ದುತ್ತಾರೆ. ಡೊಂಬಿವಲಿಯ ಮಗುವಿಗೆ ಆ ಸೌಕರ್ಯವಿಲ್ಲ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಇವೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ನಂತರ ಮರಾಠಿ ಎಲ್ಲ ಶಾಲೆಗಳಲ್ಲೂ ಕಡ್ಡಾಯ. ಕನ್ನಡಕ್ಕೆ ಉಳಿದಿರುವುದು ಮನೆ ಮತ್ತು ನಿಮ್ಮ ಎರಡು ಗಂಟೆ. ಅಲ್ಲೂ ಯಾರೂ ತಿದ್ದದಿದ್ದರೆ "ಗಾಡಿ ಬಂದಳು" ಎಂಬುದೇ ಅಭ್ಯಾಸವಾಗಿ ಕೂತುಬಿಡುತ್ತದೆ.

ಈಗಿನ ದಾರಿಯಲ್ಲೇ ಮುಂದುವರಿದು ಪಟ್ಟಿಗಳನ್ನು ಪೂರ್ತಿ ಮಾಡಿಸುವುದರಲ್ಲೂ ಅರ್ಥವಿಲ್ಲದೇ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಹತ್ತನೇ ತರಗತಿಯ ಪರೀಕ್ಷೆ ಬರೆಯುವ ಮಕ್ಕಳಿಗೆ ವ್ಯಾಕರಣದ ಅಂಕಗಳಿವೆ, ಅವರಿಗೆ ಪಟ್ಟಿ ಬೇಕು. ನಿಮ್ಮ ಮಕ್ಕಳಿಗೆ ಆ ಪರೀಕ್ಷೆಯಿಲ್ಲ. ಅವರಿಗೆ ಕನ್ನಡ ಬೇಕಾಗಿರುವುದು ಅಜ್ಜನ ಜೊತೆ ಮಾತನಾಡಲು, ಓದಲು, ಇಷ್ಟವಾದರೆ ಬರೆಯಲು. ಪಟ್ಟಿಯಲ್ಲೇ ವರ್ಷ ಕಳೆದರೆ ಎಂಟನೇ ತರಗತಿ ಮುಗಿಯುವಷ್ಟರಲ್ಲಿ ಟ್ಯೂಷನ್ನಿನ ಹೊರೆ ಬರುತ್ತದೆ, ಮಕ್ಕಳು ಭಾನುವಾರದ ತರಗತಿ ಬಿಡುತ್ತಾರೆ, ನೆನಪಿನಲ್ಲಿ ಉಳಿಯುವುದು "ಉ, ಅನ್ನು, ಇಂದ" ಎಂಬ ರಾಗ ಮಾತ್ರ.

ನಾನು ಹೇಳುವುದು ಮಕ್ಕಳ ಬರವಣಿಗೆಯಿಂದಲೇ ವ್ಯಾಕರಣವನ್ನು ಎತ್ತಿಕೊಳ್ಳುವ ದಾರಿ. ಇದಕ್ಕೂ ತೊಡಕುಗಳಿವೆ, ಮುಚ್ಚಿಡುವುದಿಲ್ಲ. ನಿಮಗೆ ಕೆಲಸ ಹೆಚ್ಚು. ಶನಿವಾರ ರಾತ್ರಿ ಅವರ ಬರಹಗಳನ್ನು ಓದಿ ಯಾವ ತಪ್ಪನ್ನು ಪಾಠ ಮಾಡಬೇಕೆಂದು ಆರಿಸಬೇಕು. ವಿಷಯಗಳು ಪುಸ್ತಕದ ಕ್ರಮದಲ್ಲಿ ಬರುವುದಿಲ್ಲ. ಯಣ್ ಸಂಧಿಯಂಥವು ಬಹುಶಃ ವರ್ಷವಿಡೀ ಬರುವುದೇ ಇಲ್ಲ, ಬಾರದಿದ್ದರೆ ನಷ್ಟವೂ ಇಲ್ಲ. ಪಂಚಮಿಯ "ದೆಸೆಯಿಂದ" ಕೂಡ ಹಾಗೆಯೇ. ಇಂದು ಮರದ ದೆಸೆಯಿಂದ ಎಲೆ ಬಿದ್ದಿತು ಎಂದು ಯಾರೂ ಹೇಳುವುದಿಲ್ಲ, ಮರದಿಂದ ಬಿದ್ದಿತು ಎನ್ನುತ್ತೇವೆ. ಪಾಲಕರಿಗೆ ಉತ್ತರ ಹೇಳುವುದು ಇನ್ನೊಂದು ತೊಡಕು. ಅದಕ್ಕಾಗಿ ಗೋಡೆಗೆ ಒಂದು ಹಾಳೆ ಅಂಟಿಸಿ, ಪ್ರತಿ ಭಾನುವಾರ ಯಾವ ವ್ಯಾಕರಣಾಂಶ ಯಾರ ವಾಕ್ಯದಿಂದ ಬಂದಿತು ಎಂದು ಬರೆಯಿರಿ. "ನಿಂತಿದ್ದ ಅಂಕಲ್: ಕೃದಂತ" ಎಂದು ಮಗಳ ವಾಕ್ಯವನ್ನೇ ಗೋಡೆಯ ಮೇಲೆ ಕಂಡ ತಾಯಿ ಎಲ್ಲಿಗೆ ಬಂತು ಎಂದು ಕೇಳುವುದಿಲ್ಲ.

ಪಟ್ಟಿಯನ್ನೇ ಜೀವಂತವಾಗಿ ಮಾಡುವುದಕ್ಕೆ ನಿಮ್ಮ ಊರಿನಲ್ಲೇ ಒಳ್ಳೆಯ ಸಾಮಗ್ರಿಯಿದೆ. ಚತುರ್ಥಿಗೆ ಗೆ, ಇಗೆ, ಕ್ಕೆ ಎಂದು ಮಕ್ಕಳು ಹೇಳುತ್ತಾರೆ, ಯಾವುದು ಎಲ್ಲಿ ಎಂದರೆ ಗೊತ್ತಿಲ್ಲ. ಮಧ್ಯ ರೈಲ್ವೆಯ ಸ್ಟೇಷನ್ನುಗಳ ಹೆಸರು ಕೊಟ್ಟು, ಟಿಕೆಟ್ ಎಲ್ಲಿಗೆ ಎಂದು ಕೇಳಿ. ಡೊಂಬಿವಲಿಗೆ, ಠಾಣೆಗೆ, ವಿಕ್ರೋಳಿಗೆ ಒಂದು ಗುಂಪು. ಮುಲುಂಡಿಗೆ, ದಾದರಿಗೆ, ಘಾಟ್ಕೋಪರಿಗೆ ಇನ್ನೊಂದು. ಕುರ್ಲಾಕ್ಕೆ, ದಿವಾಕ್ಕೆ, ಮುಂಬ್ರಾಕ್ಕೆ ಮತ್ತೊಂದು. ಯಾಕೆ ಹೀಗೆ ಗುಂಪಾಯಿತು ಎಂದು ಅವರನ್ನೇ ಕೇಳಿ. ಇ, ಎ ಸ್ವರದಲ್ಲಿ ಮುಗಿದರೆ "ಗೆ", ವ್ಯಂಜನದಲ್ಲೋ ಉಕಾರದಲ್ಲೋ ಮುಗಿದರೆ "ಇಗೆ", ಅಕಾರ ಆಕಾರದಲ್ಲಿ ಮುಗಿದರೆ "ಕ್ಕೆ" ಎಂದು ಹತ್ತು ನಿಮಿಷದಲ್ಲಿ ಅವರೇ ಕಂಡುಹಿಡಿಯುತ್ತಾರೆ. ಯಾರಾದರೊಬ್ಬರು "ಕುರ್ಲಾಗೆ" ಎಂದೂ ಹೇಳುತ್ತಾರಲ್ಲ ಎಂದು ತಕರಾರು ತೆಗೆದರೆ ಇನ್ನೂ ಒಳ್ಳೆಯದು. ಹೌದು, ಹೇಳುತ್ತಾರೆ. ಊರ ಹೆಸರು, ಹೊಸ ಪದಗಳಲ್ಲಿ ಬಳಕೆ ಇನ್ನೂ ಓಲಾಡುತ್ತಿದೆ ಎಂದು ಹೇಳಿ. "ಮರ, ಮನೆ, ಊರು" ಇಟ್ಟು ನೋಡಿದರೆ ಮರಕ್ಕೆ, ಮನೆಗೆ, ಊರಿಗೆ ಎಂದು ಅದೇ ನಿಯಮ ಮತ್ತೆ ಸಿಗುತ್ತದೆ.

ಮರಾಠಿ, ಹಿಂದಿ ಕನ್ನಡವನ್ನು ಕೆಡಿಸುತ್ತವೆ ಎಂಬ ನಂಬಿಕೆಗೆ ಈಗಾಗಲೇ ಅರ್ಧ ಉತ್ತರ ಕೊಟ್ಟಿದ್ದೇನೆ. ಕನ್ನಡಕ್ಕೂ ಮರಾಠಿಗೂ ನೂರಾರು ವರ್ಷಗಳ ನೆರೆಹೊರೆ. "ಮಲಾ ಭೂಕ ಲಾಗಲಿ" ಎಂಬಲ್ಲಿ ಹಸಿವು ನನಗೆ ಆಗುವಂತೆಯೇ ಕನ್ನಡದಲ್ಲೂ ನನಗೆ ಹಸಿವಾಗುತ್ತದೆ. ಕೈಕಾಲು ತೊಳೆದು, ಊಟ ಮಾಡಿ, ಹೊರಟು ಎಂಬ ಸರಣಿ ಮರಾಠಿಯ ಧುಊನ, ಜೇವೂನ, ನಿಘೂನ ಎಂಬುದರ ಜೊತೆ ಹೆಜ್ಜೆಗೆ ಹೆಜ್ಜೆ ಹೊಂದುತ್ತದೆ. ಮರಾಠಿ ಬಲ್ಲ ಮಗುವಿಗೆ ಕನ್ನಡದ ವಾಕ್ಯ ಕಲಿಸುವುದು ಇಂಗ್ಲಿಷ್ ಮಾತ್ರ ಬಲ್ಲ ಮಗುವಿಗೆ ಕಲಿಸುವುದಕ್ಕಿಂತ ಸುಲಭ. ತೊಂದರೆ ಬರುವುದು ಲಿಂಗದಲ್ಲಿ, ಆಮೇಲೆ ಲಿಪಿಯಲ್ಲಿ. ದೇವನಾಗರಿಯಲ್ಲಿ ಬರೆಯುವ ಮರಾಠಿ, ಹಿಂದಿಗೆ ಎ ಮತ್ತು ಏ, ಒ ಮತ್ತು ಓ ಎಂಬ ಹ್ರಸ್ವ ದೀರ್ಘಗಳ ಭೇದವಿಲ್ಲ. ಹಾಗಾಗಿ ಮಕ್ಕಳು ಬೆಳೆಯನ್ನು ಬೇಳೆ ಮಾಡುತ್ತಾರೆ, ಒಲೆಯನ್ನು ಓಲೆ ಮಾಡುತ್ತಾರೆ. ಇದನ್ನು ಎಷ್ಟು ಸಲ ಕಾಪಿ ಬರೆಸಿದರೂ ಹೋಗುವುದಿಲ್ಲ, ಯಾಕೆಂದರೆ ತಪ್ಪು ಕೈಯಲ್ಲಿಲ್ಲ, ಕಿವಿಯಲ್ಲಿದೆ. ಜೋಡಿ ಪದಗಳನ್ನು ಗಟ್ಟಿಯಾಗಿ ಹೇಳಿಸಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬರೆಯಲಿ. ಅರ್ಕಾವತ್ತಿನ ಜಾಗ ತಪ್ಪುವುದಕ್ಕೂ ದೇವನಾಗರಿಯ ಅಭ್ಯಾಸವೇ ಕಾರಣ. ಅದು ಸಣ್ಣ ವಿಷಯ, ತೋರಿಸಿದರೆ ಸರಿಯಾಗುತ್ತದೆ.

ತುಳು ಮನೆಗಳ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ತುಳು ಮಾತನಾಡುವ ಮಕ್ಕಳಿಗೆ ಕನ್ನಡ ಬರವಣಿಗೆ ಕಷ್ಟ ಎಂದು ಪಾಲಕರೇ ಹೇಳುವುದನ್ನು ಕೇಳಿದ್ದೇನೆ. ಅವರಿಗೆ ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯನ್ನು ನೆನಪಿಸಿ. ಭಾಗವತರು ಪದ್ಯ ಹಾಡುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿ ಕುಳಿತಲ್ಲೇ ಕರ್ಣನಾಗಿಯೋ ಕೃಷ್ಣನಾಗಿಯೋ ಆಶುವಾಗಿ ಮಾತನಾಡುತ್ತಾನೆ. ಆ ಮಾತಿನಲ್ಲಿ ಒಂದು ಇಂಗ್ಲಿಷ್ ಪದ ನುಸುಳಿದರೂ ಸಭೆ ಒಪ್ಪುವುದಿಲ್ಲ. ಇಷ್ಟು ತಿಳಿಯಾದ ಕನ್ನಡ ಆಡುವ ಎಷ್ಟೋ ಅರ್ಥಧಾರಿಗಳ ಮನೆಮಾತು ತುಳು. ಮುಂಬಯಿಯಲ್ಲಿ ಈ ಕಲೆ ಇಂದಿಗೂ ನಡೆಯುತ್ತಿದೆ, ನಿಮ್ಮ ಮಕ್ಕಳ ಸಂಬಂಧಿಕರಲ್ಲೇ ಅರ್ಥ ಹೇಳುವವರು ಸಿಗಬಹುದು. ಒಂದು ಭಾನುವಾರ ಅವರನ್ನು ಕರೆಸಿ. ಆಮೇಲೆ ಅದೇ ರೀತಿಯಲ್ಲಿ ಆ ಛತ್ರಿಯ ಪ್ರಸಂಗವನ್ನೇ ಒಬ್ಬ ಹುಡುಗ ಬಾಗಿಲಲ್ಲಿ ನಿಂತವರಾಗಿ, ಒಬ್ಬ ಹುಡುಗಿ ಅಮ್ಮನಾಗಿ ಹೇಳಲಿ. ಪಾತ್ರ ಬದಲಾದಾಗ ಮಾತು ಬದಲಾಗುವುದನ್ನು ಮಕ್ಕಳು ಬಹಳ ಬೇಗ ಹಿಡಿಯುತ್ತಾರೆ. ಅಜ್ಜಿ ತುಳುವಿನಲ್ಲಿ ಹೇಳಿದ ಕಥೆಯನ್ನು ಕೇಳಿಕೊಂಡು ಬಂದು ಕನ್ನಡದಲ್ಲಿ ಬರೆಯುವುದು ಇನ್ನೊಂದು ಒಳ್ಳೆಯ ಕೆಲಸ. ಎರಡೂ ಒಂದೇ ಕುಟುಂಬದ ಭಾಷೆಗಳಾದ್ದರಿಂದ ವಾಕ್ಯದ ನಡೆ ಹಾಗೆಯೇ ದಾಟಿ ಬರುತ್ತದೆ.

ವಿಜಯಪುರ, ಕಲಬುರಗಿ ಕಡೆಯ ಮಕ್ಕಳು "ಐತಿ" ಎಂದು ಬರೆದರೆ ತಪ್ಪು ಎನ್ನಬೇಡಿ. ಕಥೆಯಲ್ಲಿ ಅಜ್ಜ ಮಾತನಾಡುವಾಗ ಅದು ಇರಲಿ, ಕಥೆ ಹೇಳುವ ಸಾಲಿನಲ್ಲಿ "ಇದೆ" ಇರಲಿ. ಮನೆಯ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಅವರವರ ಜಾಗವಿದೆ ಎಂಬುದು ಮಕ್ಕಳಿಗೆ ಇಷ್ಟರಿಂದಲೇ ಅರ್ಥವಾಗುತ್ತದೆ.

ತಿದ್ದುವಾಗ ಒಂದು ಬರಹದಲ್ಲಿ ಎರಡು ಬಗೆಯ ತಪ್ಪುಗಳನ್ನು ಮಾತ್ರ ತಿದ್ದಿ. ಉಳಿದವು ನಿಮ್ಮ ಕಣ್ಣಿಗೆ ಚುಚ್ಚಿದರೂ ಬಿಡಿ, ಅವುಗಳ ಸರದಿ ಮುಂದೆ ಬರುತ್ತದೆ. ಪುಟವಿಡೀ ಕೆಂಪಾದ ಪುಸ್ತಕ ಕೈಗೆ ಬಂದ ಮಗು ಮುಂದಿನ ಸಲ ತಪ್ಪಾಗದಷ್ಟು ಚಿಕ್ಕದಾಗಿ ಬರೆಯುತ್ತದೆ, ಅದಕ್ಕೆ ಸುಧಾರಣೆ ಎನ್ನಲಾಗದು. ನೀವು ತಿದ್ದುವ ಮುಂಚೆ ಮಗು ತನ್ನ ಬರಹವನ್ನು ತಾನೇ ಗಟ್ಟಿಯಾಗಿ ಓದಬೇಕು. ಕನ್ನಡದಲ್ಲಿ ನುಡಿದಂತೆ ಬರೆಯುತ್ತೇವಾದ್ದರಿಂದ ಅರ್ಧ ತಪ್ಪುಗಳು ಆ ಓದಿನಲ್ಲೇ ಸಿಕ್ಕಿಬೀಳುತ್ತವೆ.

ಓದುವುದಕ್ಕೆ ಪುಣೆಯ ಬಾಲಭಾರತಿಯ ಪುಸ್ತಕಗಳನ್ನು ತರಿಸಿಕೊಳ್ಳಿ. ಮಹಾರಾಷ್ಟ್ರದ ಕನ್ನಡ ಮಾಧ್ಯಮ ಶಾಲೆಗಳಿಗಾಗಿ ಅವರು ಕನ್ನಡದಲ್ಲೂ ಪಠ್ಯಪುಸ್ತಕ ಪ್ರಕಟಿಸುತ್ತಾರೆ, ಅಂತರ್ಜಾಲದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಏಳನೇ ತರಗತಿಯ ನಿಮ್ಮ ಮಕ್ಕಳಿಗೆ ನಾಲ್ಕನೇ ತರಗತಿಯ ಪುಸ್ತಕ ಕೊಡಿ, ಸಂಕೋಚ ಬೇಡ. ತಡವರಿಸದೆ ಓದಿದಾಗ ಮಾತ್ರ ವಾಕ್ಯದ ನಡೆ ಕಿವಿಯಲ್ಲಿ ಕೂರುತ್ತದೆ.

ಮೊಬೈಲ್ ವಿಷಯದಲ್ಲಿ ಎರಡನ್ನು ಬೇರೆ ಮಾಡಿ ನೋಡಿ. ಮಗು ತಾನೇ ಹೇಳಿ, ಮೊಬೈಲ್ ಅದನ್ನು ಕನ್ನಡ ಅಕ್ಷರಕ್ಕೆ ಇಳಿಸಿದರೆ ಕಥೆ ಮಗುವಿನದೇ. ಕೈಬರಹ ನಿಧಾನವಾದ ಮಕ್ಕಳಿಗೆ ಮೊದಲ ಕರಡಿಗೆ ಅದು ಉಪಯುಕ್ತ. ಅಪಾಯವೆಂದರೆ ಒತ್ತಕ್ಷರ, ದೀರ್ಘಗಳನ್ನು ಕೈ ಕಲಿಯುವುದಿಲ್ಲ, ಆದ್ದರಿಂದ ಆ ಕರಡನ್ನು ನೋಡಿಕೊಂಡು ಕೈಯಲ್ಲಿ ಬರೆಯಲೇಬೇಕೆಂಬ ಕಟ್ಟು ಇಡಿ. ಕಥೆಯನ್ನೇ ಮೊಬೈಲ್ ಹೆಣೆದುಕೊಟ್ಟರೆ ಮಾತ್ರ ಅದನ್ನು ಪಕ್ಕಕ್ಕಿಡಿ. ಮಗುವನ್ನು ಎಲ್ಲರೆದುರು ಹಿಡಿದುಹಾಕಬೇಡಿ. ಮನೆಗೆ ಕಥೆ ಬರೆಯುವ ಕೆಲಸ ಕೊಡುವುದನ್ನೇ ನಿಲ್ಲಿಸಿ. ಮನೆಗೆ ಕೇಳುವ ಕೆಲಸ, ನೋಡಿಕೊಂಡು ಬರುವ ಕೆಲಸ ಕೊಡಿ. ಬರೆಯುವುದು ತರಗತಿಯಲ್ಲಿ, ನಿಮ್ಮ ಕಣ್ಣೆದುರು ಆಗಲಿ.

ಡಿಸೆಂಬರ್ ಸ್ಪರ್ಧೆಗೂ ಇದೇ ಕ್ರಮವನ್ನು ಸಂಘದವರ ಮುಂದಿಡಿ. ವಿಷಯವನ್ನು ಅಲ್ಲಿಯೇ ಕೊಡಲಿ. "ಪರಿಸರ ಸಂರಕ್ಷಣೆ"ಯಂಥದ್ದು ಬೇಡ. "ಕಳೆದುಹೋದ ಒಂದು ವಸ್ತು", "ಮಳೆಯಲ್ಲಿ ಗಾಡಿ ನಿಂತ ದಿನ" ಎಂಬಂಥದ್ದು ಸಾಕು. ಮೊದಲ ಅರ್ಧ ಗಂಟೆ ಮಕ್ಕಳು ಇಬ್ಬಿಬ್ಬರಾಗಿ ಕೂತು ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ, ಆಮೇಲೆ ಒಂದು ಗಂಟೆ ಬರೆಯಲಿ. ಕಾಗುಣಿತದ ತಪ್ಪಿಗೆ ಅಂಕ ಕಳೆಯುವುದಿಲ್ಲವೆಂದು ತೀರ್ಪುಗಾರರಿಗೂ ಪಾಲಕರಿಗೂ ಮುಂಚೆಯೇ ತಿಳಿಸಿ. ಗೆದ್ದ ಮಕ್ಕಳು ತಮ್ಮ ಕಥೆಯನ್ನು ವೇದಿಕೆಯ ಮೇಲೆ ಓದುವ ಬದಲು ಹಾಳೆ ಕೆಳಗಿಟ್ಟು ಹೇಳಲಿ. ಬರೆದ ಹಾಳೆಗಳನ್ನೆಲ್ಲ ನೀವು ತೆಗೆದಿಟ್ಟುಕೊಳ್ಳಿ, ಜನವರಿಯಿಂದ ಮಾರ್ಚ್‌ವರೆಗಿನ ನಿಮ್ಮ ವ್ಯಾಕರಣ ಪಾಠಗಳೆಲ್ಲ ಅವುಗಳಲ್ಲೇ ಇರುತ್ತವೆ.